2027ರ ಎಸ್‌ಎಸ್‌ಎಲ್‌ಸಿ: ನಿಮ್ಮ ಮಗುವಿನ ಲಿಖಿತ ಅಂಕ ಎಷ್ಟು?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಹೈಸ್ಕೂಲುಗಳಲ್ಲಿ 2025–26ರಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಮಕ್ಕಳ ಹೆತ್ತವರೇ, ಈ ಲೆಕ್ಕ ಮೊದಲು ನಿಮಗೆ. ಕೇರಳ ಸರಕಾರ 2024ರಲ್ಲಿ ಕೈಗೊಂಡ ತೀರ್ಮಾನದಂತೆ ‘ವಿಷಯವಾರು ಕನಿಷ್ಠ ಅಂಕ’ ಎಂಬ ನಿಯಮ ಹಂತಹಂತವಾಗಿ ಮೇಲೇರುತ್ತಿದೆ. 2024–25ರಲ್ಲಿ ಎಂಟನೇ ತರಗತಿಗೆ ಬಂತು, 2025–26ರಲ್ಲಿ ಒಂಬತ್ತಕ್ಕೆ, 2026–27ರಲ್ಲಿ ಹತ್ತಕ್ಕೆ. ಅಂದರೆ ಇಂದಿನ ಒಂಬತ್ತನೆಯವರು 2027ರ ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಬರೆಯುವಾಗ, ಪ್ರತಿಯೊಂದು ವಿಷಯದ ಲಿಖಿತ ಪರೀಕ್ಷೆಯಲ್ಲೇ ಶೇ. 30 ಅಂಕ ಗಳಿಸಬೇಕು. ಇಷ್ಟು ವರ್ಷ ಈ ಷರತ್ತು ಇರಲಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಒಂದು ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿ ಉಳಿಯುವುದಿಲ್ಲ. ಒಂದು ವರ್ಷದ ಫಲಿತಾಂಶ ಮುಂದಿನ ಜೂನ್‌ನ ದಾಖಲಾತಿಯನ್ನು ನಿರ್ಧರಿಸುತ್ತದೆ, ದಾಖಲಾತಿ ಅಧ್ಯಾಪಕರ ಹುದ್ದೆಯನ್ನು ನಿರ್ಧರಿಸುತ್ತದೆ, ಅಧ್ಯಾಪಕರು ಮತ್ತೆ ಫಲಿತಾಂಶವನ್ನು ನಿರ್ಧರಿಸುತ್ತಾರೆ. ಈ ಸರಪಳಿಯಲ್ಲಿ ಹೆತ್ತವರ ಕೈ ತಲುಪುವ ಕೊಂಡಿ ಯಾವುದು ಎಂದು ನೋಡುವುದಕ್ಕಾಗಿ ಈ ಬರಹ.

ಬದಲಾಗಿದ್ದು ಏನು?

ಮೊದಲು ಈಗಿನ ಲೆಕ್ಕ ತಿಳಿಯೋಣ. ಎಸ್‌ಎಸ್‌ಎಲ್‌ಸಿಯಲ್ಲಿ ಹತ್ತು ವಿಷಯ. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನ ಈ ಮೂರಕ್ಕೆ ಲಿಖಿತ ಪರೀಕ್ಷೆ 80 ಅಂಕ, ನಿರಂತರ ಮೌಲ್ಯಮಾಪನಕ್ಕೆ 20, ಒಟ್ಟು 100. ಕನ್ನಡದ ಎರಡು ಪತ್ರಿಕೆ, ಹಿಂದಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವುಗಳಿಗೆ ಲಿಖಿತ 40, ನಿರಂತರ ಮೌಲ್ಯಮಾಪನ 10, ಒಟ್ಟು 50. ಐಟಿ ಬೇರೆ, ಅದು ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಪರೀಕ್ಷೆ.

ಮುಂದಿನ ತರಗತಿಗೆ ಅರ್ಹತೆ ಪಡೆಯಲು ಪ್ರತಿ ವಿಷಯದಲ್ಲೂ ಡಿ ಪ್ಲಸ್ ಬೇಕು, ಅಂದರೆ ಒಟ್ಟು ಅಂಕದ ಶೇ. 30. ಗಣಿತದಲ್ಲಿ ನೂರಕ್ಕೆ ಮೂವತ್ತು. ನಿರಂತರ ಮೌಲ್ಯಮಾಪನದ ಅಂಕ ಕೊಡುವವರು ಶಾಲೆಯ ಅಧ್ಯಾಪಕರೇ. ಪ್ರಾಜೆಕ್ಟ್, ಸೆಮಿನಾರು, ತರಗತಿ ಪರೀಕ್ಷೆ ನೋಡಿ ಕೊಡುವ ಈ ಅಂಕ ಸಾಮಾನ್ಯವಾಗಿ ಪೂರ್ತಿಗೆ ಹತ್ತಿರವೇ ಇರುತ್ತದೆ. ಒಬ್ಬ ಹುಡುಗನಿಗೆ 20ಕ್ಕೆ 20 ಸಿಕ್ಕಿತು ಎಂದುಕೊಳ್ಳಿ. ಆಗ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 10 ಬಂದರೂ ಅವನು ಗಣಿತದಲ್ಲಿ ಪಾಸು. 40 ಅಂಕದ ಭೌತಶಾಸ್ತ್ರದಲ್ಲಿ ನಿರಂತರ ಮೌಲ್ಯಮಾಪನದ 10 ಕೈಯಲ್ಲಿದ್ದರೆ, ಲಿಖಿತದಲ್ಲಿ 5 ಅಂಕ ಸಾಕು.

ಹೊಸ ನಿಯಮ ಬಂದ ಮೇಲೆ ಅದೇ ಗಣಿತದ ಲಿಖಿತದಲ್ಲಿ ಕನಿಷ್ಠ 24 ಬೇಕು, ಭೌತಶಾಸ್ತ್ರದಲ್ಲಿ 12. ಹತ್ತರಿಂದ ಇಪ್ಪತ್ತನಾಲ್ಕಕ್ಕೆ, ಐದರಿಂದ ಹನ್ನೆರಡಕ್ಕೆ. ಪ್ರಶ್ನೆಪತ್ರಿಕೆ ಒಂದಿಷ್ಟೂ ಕಷ್ಟವಾಗದಿದ್ದರೂ ತಳದಲ್ಲಿರುವ ಮಗುವಿಗೆ ದಾಟಬೇಕಾದ ಗೆರೆ ಎರಡು ಪಟ್ಟಿಗೂ ಮೇಲೆ ಏರಿದೆ. ಎ ಪ್ಲಸ್ ಪಡೆಯುವ ಮಕ್ಕಳ ಮನೆಯಲ್ಲಿ ಈ ಬದಲಾವಣೆ ಗಮನಕ್ಕೇ ಬರುವುದಿಲ್ಲ. ತರಗತಿಯ ಹಿಂದಿನ ಬೆಂಚಿನ ಮೂರು ನಾಲ್ಕು ಮಕ್ಕಳ ಮನೆಯಲ್ಲಿ ಇದು ಬದುಕಿನ ಪ್ರಶ್ನೆ.

ಸೋತವರಿಗೆ ದಾರಿ ಇಲ್ಲವೆಂದಲ್ಲ. ಮೂರು ವಿಷಯಗಳವರೆಗೆ ‘ಸೇ’ ಪರೀಕ್ಷೆ ಬರೆಯಬಹುದು. ಆದರೆ ಅದರಲ್ಲಿ ಪಾಸಾದವರಿಗೆ ಪ್ಲಸ್ ವನ್ ಸೀಟು ಸಿಗುವುದು ಮುಖ್ಯ ಹಂಚಿಕೆಗಳು ಮುಗಿದ ಮೇಲೆ, ಪೂರಕ ಹಂಚಿಕೆಯಲ್ಲಿ. ಹತ್ತಿರದ ಶಾಲೆ, ಬೇಕಾದ ವಿಷಯ ಎರಡೂ ಆಗ ಉಳಿದಿರುವುದು ಅಪರೂಪ.

ಶೇ. 99.5 ಮತ್ತು ಶೇ. 21

2025ರ ಮೇಯಲ್ಲಿ ಪ್ರಕಟವಾದ ಎಸ್‌ಎಸ್‌ಎಲ್‌ಸಿ ಫಲಿತಾಂಶ ರಾಜ್ಯಕ್ಕೆ ಒಟ್ಟಾಗಿ ಶೇ. 99.5. ಅದಕ್ಕೂ ಹಿಂದೆ 2024ರಲ್ಲಿ 99.69, 2023ರಲ್ಲಿ 99.70, 2022ರಲ್ಲಿ 99.26, 2021ರಲ್ಲಿ 99.47. ಐದು ವರ್ಷದಲ್ಲಿ ಅರ್ಧ ಶೇಕಡಾದಷ್ಟು ಮಾತ್ರ ಆಚೀಚೆ. ಶಾಲೆಯ ಗೇಟಿನಲ್ಲಿ ‘ಶೇ. 100’ ಎಂಬ ಫ್ಲೆಕ್ಸ್ ಕಟ್ಟಿದ್ದರೆ ಅದು ಸಂತೋಷದ ಸಂಗತಿಯೇ. ಆದರೆ ಸಾವಿರಕ್ಕೆ ಐದು ಮಕ್ಕಳು ಮಾತ್ರ ಸೋಲುವ ಪರೀಕ್ಷೆಯಲ್ಲಿ ಒಂದು ಶಾಲೆ ನೂರಕ್ಕೆ ನೂರು ಪಡೆದರೆ, ಆ ಶಾಲೆಯ ಬಗ್ಗೆ ಅದು ನಮಗೆ ಹೆಚ್ಚೇನೂ ಹೇಳುವುದಿಲ್ಲ.

ಎ ಪ್ಲಸ್ ಸಂಖ್ಯೆಯಾದರೂ ಹೇಳುತ್ತದೆಯೇ? ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರು 2021ರಲ್ಲಿ 1,21,318. ಮರುವರ್ಷ 44,363. 2023ರಲ್ಲಿ 68,604, 2024ರಲ್ಲಿ 71,831, 2025ರಲ್ಲಿ 61,449. ಒಂದೇ ವರ್ಷದಲ್ಲಿ ಒಂದು ಲಕ್ಷ ಇಪ್ಪತ್ತೊಂದು ಸಾವಿರ ನಲವತ್ತನಾಲ್ಕು ಸಾವಿರಕ್ಕೆ ಇಳಿಯಿತೆಂದರೆ ಕೇರಳದ ಮಕ್ಕಳು ಒಂದು ವರ್ಷದಲ್ಲಿ ದಡ್ಡರಾದರೇ? ಇಲ್ಲ. ಕೊರೊನಾ ಕಾಲದಲ್ಲಿ ‘ಫೋಕಸ್ ಏರಿಯಾ’ ಎಂದು ಪಾಠಗಳನ್ನು ಗುರುತಿಸಿ, ಪ್ರಶ್ನೆಪತ್ರಿಕೆಯಲ್ಲಿ ಧಾರಾಳ ಆಯ್ಕೆ ಕೊಟ್ಟಿದ್ದರು. ಮರುವರ್ಷ ಅದನ್ನು ಬಿಗಿ ಮಾಡಿದರು. ಪರೀಕ್ಷೆಯ ನಿಯಮ ಬದಲಾದಾಗ ಫಲಿತಾಂಶ ಎಷ್ಟು ಜಿಗಿಯಬಹುದು, ಎಷ್ಟು ಕುಸಿಯಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಈಗ ಇನ್ನೊಂದು ಸಂಖ್ಯೆ. ವಿಷಯವಾರು ಕನಿಷ್ಠ ಅಂಕದ ನಿಯಮ ಮೊದಲ ಸಲ ಜಾರಿಯಾದ 2024–25ರ ಎಂಟನೇ ತರಗತಿಯಲ್ಲಿ, ಒಂದು ವಿಷಯದಲ್ಲಾದರೂ ಲಿಖಿತದಲ್ಲಿ ಶೇ. 30 ಪಡೆಯದವರು ರಾಜ್ಯದಲ್ಲಿ 86,309 ಮಕ್ಕಳು, ಸುಮಾರು ಶೇ. 21. ಹೆಚ್ಚು ಮಕ್ಕಳು ಎಡವಿದ್ದು ಹಿಂದಿಯಲ್ಲಿ, 42,810 ಮಂದಿ. ಇವರಿಗೆ ಏಪ್ರಿಲ್‌ನಲ್ಲಿ ಹೆಚ್ಚುವರಿ ತರಗತಿ ನಡೆಸಿ ತಿಂಗಳ ಕೊನೆಗೆ ಮರುಪರೀಕ್ಷೆ ಮಾಡಿದರು.

ಹತ್ತನೆಯಲ್ಲಿ ಇನ್ನೂರರಲ್ಲಿ ಒಬ್ಬ ಸೋಲುತ್ತಾನೆ, ಎಂಟನೆಯಲ್ಲಿ ಐವರಲ್ಲಿ ಒಬ್ಬ ಗೆರೆ ಮುಟ್ಟಲಿಲ್ಲ. ಎರಡು ವರ್ಷದ ಅಂತರದಲ್ಲಿರುವ ಮಕ್ಕಳ ನಡುವೆ ಇಷ್ಟು ದೊಡ್ಡ ಕಂದಕ ಇರಲಾರದು. ಕಂದಕ ಇರುವುದು ಎರಡು ಅಳತೆಗೋಲುಗಳ ನಡುವೆ. ಎಂಟನೆಯವರನ್ನು ಬರೆದದ್ದರಿಂದ ಅಳೆದರು, ಹತ್ತನೆಯವರನ್ನು ಬರೆದದ್ದು ಮತ್ತು ಶಾಲೆ ಕೊಟ್ಟದ್ದು ಕೂಡಿಸಿ ಅಳೆದರು. ಎಂಟನೆಯಲ್ಲಿ ಹಾಗೆ ಅಳೆಯಿಸಿಕೊಂಡ ಮೊದಲ ತಂಡವೇ ಈಗಿನ ಒಂಬತ್ತನೆಯ ಮಕ್ಕಳು.

ಪ್ಲಸ್ ಟುವಿನಲ್ಲಿ ಬಯಲಾಗುವ ಸತ್ಯ

ನಿಯಮ ಕಠಿಣವಾಯಿತು ಎಂದು ಬೇಸರ ಪಡುವ ಮೊದಲು ಪ್ಲಸ್ ಟು ಕಡೆ ನೋಡಬೇಕು. ಅಲ್ಲಿ ಲಿಖಿತದಲ್ಲೇ ಶೇ. 30 ಬೇಕೆಂಬ ಷರತ್ತು ಹಿಂದಿನಿಂದಲೂ ಇದೆ. 2025ರಲ್ಲಿ ಪ್ಲಸ್ ಟು ಫಲಿತಾಂಶ ಶೇ. 77.81. ಇವರಲ್ಲಿ ಬಹುಪಾಲು ಮಕ್ಕಳು 2023ರಲ್ಲಿ ಶೇ. 99.70 ಫಲಿತಾಂಶ ಬಂದ ಎಸ್‌ಎಸ್‌ಎಲ್‌ಸಿ ತಂಡದವರೇ. ಎರಡು ವರ್ಷದ ಹಿಂದೆ ಎಲ್ಲರೂ ಪಾಸು, ಎರಡು ವರ್ಷದ ನಂತರ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ಸೋಲು.

ಜಿಲ್ಲೆಗಳ ಪಟ್ಟಿಯಲ್ಲಿ ಆ ವರ್ಷ ಕೊನೆಯ ಸ್ಥಾನ ನಮ್ಮ ಕಾಸರಗೋಡಿಗೇ ಬಂತು, ಶೇ. 71.09. ವಿಭಾಗವಾರು ನೋಡಿದರೆ ರಾಜ್ಯದಲ್ಲಿ ವಿಜ್ಞಾನ ಶೇ. 83.25, ವಾಣಿಜ್ಯ 74.21, ಮಾನವಿಕ 69.16. ‘ಲೆಕ್ಕ ಬರುವುದಿಲ್ಲ, ಹ್ಯುಮ್ಯಾನಿಟೀಸ್ ತೆಗೆದುಕೊಳ್ಳಲಿ, ಸುಲಭ’ ಎಂದು ಮಕ್ಕಳನ್ನು ಕಳಿಸುವವರು ಈ ಮೂರು ಅಂಕಿಗಳನ್ನು ಒಮ್ಮೆ ಓದಬೇಕು. ಸುಲಭವೆಂದು ಹೋದ ದಾರಿಯಲ್ಲೇ ಹೆಚ್ಚು ಮಕ್ಕಳು ಬಿದ್ದಿದ್ದಾರೆ.

ಕನ್ನಡ ಮಾಧ್ಯಮದ ಮಗುವಿಗೆ ಇಲ್ಲಿ ಇನ್ನೊಂದು ಹೊರೆ ಇದೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಬರೆದ ಮಗು ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿಯುತ್ತದೆ. ಹತ್ತನೆಯ ವಿಷಯಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ತಿಳಿದಿದ್ದರೆ ಭಾಷೆ ಬದಲಾದರೂ ಆರು ತಿಂಗಳಲ್ಲಿ ಹಿಡಿತ ಬರುತ್ತದೆ, ಏಕೆಂದರೆ ಗೊತ್ತಿರುವ ವಿಷಯಕ್ಕೆ ಹೊಸ ಹೆಸರು ಕಲಿಯುವುದಷ್ಟೇ ಕೆಲಸ. ಹತ್ತನೆಯಲ್ಲಿ 80ಕ್ಕೆ 10 ಬರೆದು ದಾಟಿದ ಮಗುವಿಗೆ ವಿಷಯವೂ ಹೊಸತು, ಭಾಷೆಯೂ ಹೊಸತು. ಹೊಸ ನಿಯಮದಿಂದ ಒಂದು ಲಾಭವಿದ್ದರೆ ಅದು ಇದೇ. ಪ್ಲಸ್ ಟುವಿನಲ್ಲಿ ತಡವಾಗಿ ತಿಳಿಯುತ್ತಿದ್ದ ಕೊರತೆ ಎಂಟನೆಯಲ್ಲೇ, ಒಂಬತ್ತನೆಯಲ್ಲೇ ಕಾಣುತ್ತದೆ. ಕಂಡಮೇಲೆ ಸರಿಪಡಿಸುವವರು ಇದ್ದರೆ ಮಾತ್ರ ಆ ಲಾಭ ಮಗುವಿಗೆ.

ಕನ್ನಡ ಡಿವಿಷನ್‌ನಲ್ಲಿ ಕುಳಿತವರು ಯಾರು?

2022ರಲ್ಲಿ ಎಸ್‌ಎಸ್‌ಎಲ್‌ಸಿ ಬರೆಯಲು ರೆಗ್ಯುಲರ್ ಆಗಿ ನೋಂದಾಯಿಸಿದವರು 4,26,999. ಅವರಲ್ಲಿ ಇಂಗ್ಲಿಷ್ ಮಾಧ್ಯಮ 2,31,604, ಮಲಯಾಳ 1,91,787, ತಮಿಳು 2,151, ಕನ್ನಡ 1,457. ಕನ್ನಡದ ಪಾಲು ಸಾವಿರಕ್ಕೆ ಮೂರೂವರೆಯಷ್ಟೂ ಇಲ್ಲ. ಇಂಗ್ಲಿಷ್ ಅರ್ಧಕ್ಕಿಂತ ಹೆಚ್ಚು.

ಇನ್ನೊಂದು ಕಡೆ 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ 13 ಲಕ್ಷ ಜನರಲ್ಲಿ ಕನ್ನಡ ಮಾತೃಭಾಷೆಯವರು ಶೇ. 4ರ ಆಸುಪಾಸು, ತುಳು ಮಾತೃಭಾಷೆಯವರು ಶೇ. 9ರ ಹತ್ತಿರ. ಗಡಿಯಾಚೆಯವರು ಈ ಶೇ. 4 ನೋಡಿ ‘ಅಲ್ಲಿ ಕನ್ನಡಿಗರು ಇರುವುದೇ ಇಷ್ಟು’ ಎಂದುಕೊಳ್ಳುತ್ತಾರೆ. ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ನೋಡಿದವರಿಗೆ ಬೇರೆ ಚಿತ್ರ ಕಾಣುತ್ತದೆ. ಒಂದೇ ಡಿವಿಷನ್‌ನಲ್ಲಿ ತುಳು ಮನೆಯ ಮಗು, ಹವ್ಯಕ ಕನ್ನಡದ ಮಗು, ಕೊಂಕಣಿ, ಕರಾಡ ಮರಾಠಿ, ಮರಾಟಿ ನಾಯ್ಕ, ಕೊರಗ, ಬ್ಯಾರಿ ಮನೆಯ ಮಕ್ಕಳು. ಉಪ್ಪಳದ ಕಡೆ ಉರ್ದು ಮನೆಯವರೂ ಕನ್ನಡ ಶಾಲೆಯಲ್ಲಿ ಓದಿ ಬೆಳೆದವರಿದ್ದಾರೆ. ಇವರೆಲ್ಲರಿಗೂ ಕನ್ನಡ ಶಾಲೆಯ ಭಾಷೆ, ದೇವಸ್ಥಾನದ ಆಮಂತ್ರಣದ ಭಾಷೆ, ಯಕ್ಷಗಾನದ ಭಾಷೆ, ಪತ್ರಿಕೆಯ ಭಾಷೆ. ಅಡುಗೆಮನೆಯ ಭಾಷೆ ಬೇರೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಫಲಿತಾಂಶದ ಬಗ್ಗೆ ಮಾತಾಡುವಾಗ ‘ಮಾತೃಭಾಷೆಯಲ್ಲಿ ಓದುತ್ತಾರೆ, ಆದರೂ ಏಕೆ ಹಿಂದೆ?’ ಎಂಬ ಪ್ರಶ್ನೆ ಬರುತ್ತದೆ. ತರಗತಿಯ ಹಲವು ಮಕ್ಕಳಿಗೆ ಕನ್ನಡವೂ ಕಲಿತ ಭಾಷೆಯೇ. ಕನ್ನಡ, ಇಂಗ್ಲಿಷ್, ಹಿಂದಿ, ಊರಿನ ಬಸ್ಸಿನಲ್ಲಿ, ಕಚೇರಿಯಲ್ಲಿ ಬೇಕಾಗುವ ಮಲಯಾಳ ಇವೆಲ್ಲವನ್ನೂ ಹೊತ್ತುಕೊಂಡು ಲೆಕ್ಕ, ವಿಜ್ಞಾನ ಕಲಿಯುವ ಮಗು ಅದು. ಇಷ್ಟು ಭಾಷೆ ತಿಳಿದಿರುವುದು ಮುಂದೆ ದೊಡ್ಡ ಆಸ್ತಿ. ಆದರೆ ಎಂಟನೆಯ ಹೊತ್ತಿಗೆ ಕನ್ನಡದಲ್ಲಿ ಒಂದು ಪುಟ ಓದಿ ಸ್ವಂತ ಮಾತಿನಲ್ಲಿ ಐದು ವಾಕ್ಯ ಬರೆಯಲು ಆಗದಿದ್ದರೆ ಯಾವ ವಿಷಯದ ಲಿಖಿತ ಪರೀಕ್ಷೆಯಲ್ಲೂ ಗೆರೆ ದಾಟುವುದು ಕಷ್ಟ. ಹೊಸ ನಿಯಮ ನೇರವಾಗಿ ಅಳೆಯುವುದು ಇದನ್ನೇ.

ಕುಟುಂಬಗಳ ಸ್ಥಿತಿಯೂ ಬದಲಾಗಿದೆ. ಅಡಿಕೆ ತೋಟ ಇದ್ದವರು, ನೌಕರಿಯಲ್ಲಿ ಇರುವವರು, ಗಲ್ಫ್‌ನಿಂದ ಹಣ ಬರುವ ಮನೆಯವರು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವುದು ಹೆಚ್ಚಾದಂತೆ, ಸರಕಾರಿ ಶಾಲೆಯ ಕನ್ನಡ ಡಿವಿಷನ್‌ನಲ್ಲಿ ಉಳಿಯುವವರು ಬೀಡಿ ಕಟ್ಟುವವರ, ತೋಟದ ಕೆಲಸದವರ, ಕೂಲಿಯವರ ಮಕ್ಕಳು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ, ಟ್ಯೂಷನ್‌ಗೆ ಹಣವಿಲ್ಲ. ಇಂತಹ ತರಗತಿಯ ಫಲಿತಾಂಶವನ್ನು ಇಂಗ್ಲಿಷ್ ಡಿವಿಷನ್‌ನ ಫಲಿತಾಂಶದ ಪಕ್ಕದಲ್ಲಿಟ್ಟು ‘ನೋಡಿ, ಕನ್ನಡ ಮಾಧ್ಯಮ ಹಿಂದೆ’ ಎನ್ನುವವರು ಮಾಧ್ಯಮಗಳನ್ನು ಹೋಲಿಸುತ್ತಿಲ್ಲ, ಮನೆಗಳನ್ನು ಹೋಲಿಸುತ್ತಿದ್ದಾರೆ.

ಹದಿನೈದು ಮಕ್ಕಳ ಶೇಕಡಾವಾರು

ಒಂದು ಕನ್ನಡ ಡಿವಿಷನ್‌ನಲ್ಲಿ ಹದಿನೈದು ಮಕ್ಕಳು ಎಂದು ಇಟ್ಟುಕೊಳ್ಳಿ. ಇಬ್ಬರು ಗಣಿತದಲ್ಲಿ 24 ಮುಟ್ಟಲಿಲ್ಲ. ಫಲಿತಾಂಶ ಶೇ. 86.7. ಪಕ್ಕದ ಶಾಲೆಯಲ್ಲಿ 150 ಮಕ್ಕಳು, ಆರು ಮಂದಿ ಸೋತರೆ ಶೇ. 96. ಪತ್ರಿಕೆಯ ಪಟ್ಟಿಯಲ್ಲಿ ಒಂದು ಶಾಲೆ ತುಂಬಾ ಹಿಂದೆ ಬಿದ್ದಂತೆ ಕಾಣುತ್ತದೆ. ಆದರೆ ಹದಿನೈದರ ತರಗತಿಯಲ್ಲಿ ಒಂದೊಂದು ಮಗುವೂ ಸುಮಾರು ಏಳು ಶೇಕಡಾ. ಒಂದು ಮಗುವಿಗೆ ಪರೀಕ್ಷೆಯ ದಿನ ಜ್ವರ ಬಂದರೂ ಶಾಲೆಯ ಅಂಕಿ ಏಳು ಮೆಟ್ಟಿಲು ಇಳಿಯುತ್ತದೆ.

2027ರ ಮೇಯಲ್ಲಿ ಇಂತಹ ಅಂಕಿಗಳು ಬರಬಹುದು. ಆಗ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಿಲ್ಲ. ಜೂನ್‌ನಲ್ಲಿ ಎಂಟನೆಗೆ ಸೇರಿಸುವ ಹೆತ್ತವರು ಆ ಶೇ. 86.7 ನೋಡಿ ಬೇರೆ ಕಡೆ ಹೋಗುತ್ತಾರೆ. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ. ಆ ಎಣಿಕೆಯ ಮೇಲೆ ಡಿವಿಷನ್, ಡಿವಿಷನ್‌ನ ಪಿರಿಯಡ್ ಲೆಕ್ಕದ ಮೇಲೆ ಅಧ್ಯಾಪಕರ ಹುದ್ದೆ. ನಾಲ್ಕೈದು ಮಕ್ಕಳು ಕಡಿಮೆಯಾದರೂ ಕೆಲವು ಶಾಲೆಗಳಲ್ಲಿ ಒಂದು ಹುದ್ದೆಗೆ ಕುತ್ತು. ಹುದ್ದೆ ಹೋದರೆ ಉಳಿದ ಮಕ್ಕಳಿಗೆ ಪಾಠ ಕಡಿಮೆ, ಮರುವರ್ಷ ಫಲಿತಾಂಶ ಇನ್ನೂ ಕೆಳಗೆ. ಸರಪಳಿ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಹೈಸ್ಕೂಲಿನ ಕನ್ನಡ ಡಿವಿಷನ್‌ಗೆ ದಿನನಿತ್ಯದ ರಕ್ಷಣೆ ಎಂದರೆ ಅಲ್ಲಿ ಕುಳಿತಿರುವ ಮಕ್ಕಳ ಸಂಖ್ಯೆಯೇ.

ಕಲಿಸುವವರಿಗೆ ಕನ್ನಡ ಬರುತ್ತದೆಯೇ?

ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ನೇಮಕವಾಗಿ ಬಂದ ಪ್ರಕರಣಗಳು, ಅದರ ವಿರುದ್ಧ ಮಕ್ಕಳು, ಹೆತ್ತವರು ಬೀದಿಗಿಳಿದದ್ದು, ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಜಿಲ್ಲೆಯಲ್ಲಿ ಮತ್ತೆ ಮತ್ತೆ ಆಗಿದೆ. ಇದನ್ನು ಸಾಮಾನ್ಯವಾಗಿ ಭಾಷಾ ಸ್ವಾಭಿಮಾನದ ವಿಷಯವಾಗಿ ನೋಡುತ್ತೇವೆ. ಇನ್ನು ಮುಂದೆ ಅಂಕದ ವಿಷಯವಾಗಿಯೂ ನೋಡಬೇಕು.

ಒಂದು ಉದಾಹರಣೆ. ಮಲಯಾಳದ ಭೌತಶಾಸ್ತ್ರದಲ್ಲಿ ‘ವೇಗಂ’ ಎಂದರೆ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಳತೆ, ದಿಕ್ಕೂ ಸೇರಿದ್ದು ‘ಪ್ರವೇಗಂ’. ಕರ್ನಾಟಕದ ವಿಜ್ಞಾನ ಪಠ್ಯಗಳಲ್ಲಿ ದಿಕ್ಕೂ ಸೇರಿದ್ದೇ ‘ವೇಗ’, ದಿಕ್ಕಿಲ್ಲದ್ದು ‘ಜವ’. ಶಬ್ದ ಒಂದೇ, ಅರ್ಥ ಅದಲುಬದಲು. ಮಲಯಾಳದಲ್ಲಿ ವಿವರಣೆ ಕೇಳಿ, ಮಂಗಳೂರಿನಿಂದ ತಂದ ಗೈಡ್ ಓದಿ, ಕೇರಳದ ಪ್ರಶ್ನೆಪತ್ರಿಕೆಗೆ ಕನ್ನಡದಲ್ಲಿ ಉತ್ತರ ಬರೆಯುವ ಮಗುವಿನ ತಲೆಯಲ್ಲಿ ಎಷ್ಟು ಗೊಂದಲವಾಗಬಹುದು ಯೋಚಿಸಿ. ನಿರಂತರ ಮೌಲ್ಯಮಾಪನದ ಹತ್ತು ಅಂಕ ಈ ಗೊಂದಲವನ್ನು ಮುಚ್ಚುತ್ತಿತ್ತು. 40ಕ್ಕೆ 12 ಎಂಬ ಗೆರೆ ಮುಚ್ಚುವುದಿಲ್ಲ.

ಗೈಡ್‌ಗಳ ವಿಷಯದಲ್ಲಿ ಎಚ್ಚರ ಬೇಕು ಎಂಬುದೂ ಇದರಿಂದ ತಿಳಿಯುತ್ತದೆ. ಮಗುವಿನ ಮೊದಲ ಪುಸ್ತಕ ಕೇರಳ ಎಸ್‌ಸಿಇಆರ್‌ಟಿಯ ಕನ್ನಡ ಪಠ್ಯವೇ ಆಗಿರಬೇಕು. ಒಂಬತ್ತನೆಗೆ 2024ರಲ್ಲಿ, ಎಂಟನೆಗೆ ಮತ್ತು ಹತ್ತನೆಗೆ 2025ರಲ್ಲಿ ಹೊಸ ಪಠ್ಯ ಬಂದಿದೆ. ಅಕ್ಕ ಅಣ್ಣಂದಿರ ಹಳೆಯ ಪುಸ್ತಕ, ಹಳೆಯ ನೋಟ್ಸು ಇನ್ನು ಸಾಲದು. ಹೊಸ ಪುಸ್ತಕದ ಕನ್ನಡ ಆವೃತ್ತಿ ಸಮಯಕ್ಕೆ ಬಂದಿದೆಯೇ ಎಂಬುದು ಜೂನ್‌ನಲ್ಲೇ ಕೇಳಬೇಕಾದ ಪ್ರಶ್ನೆ.

ಮಾಧ್ಯಮ ಬದಲಿಸಿದರೆ ಸರಿಯಾಗುತ್ತದೆಯೇ?

ಇಷ್ಟು ಓದಿದ ಕೆಲವರ ಮನಸ್ಸಿನಲ್ಲಿ ಈ ಪ್ರಶ್ನೆ ಬಂದಿರುತ್ತದೆ. ಅದೇ ಶಾಲೆಯಲ್ಲಿ ಇಂಗ್ಲಿಷ್ ಡಿವಿಷನ್ ಇದೆ, ಅಲ್ಲಿಗೆ ಹಾಕಿದರೆ ಆಗದೇ?

ಎಂಟನೆಯ ಆ ಶೇ. 21ನ್ನು ಇನ್ನೊಮ್ಮೆ ನೋಡಿ. ರಾಜ್ಯದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ಮಟ್ಟದಲ್ಲಿ ಸಾವಿರಕ್ಕೆ ಮೂರು ನಾಲ್ಕು ಮಂದಿ. ಹಾಗಿದ್ದ ಮೇಲೆ ಗೆರೆ ಮುಟ್ಟದ 86,309 ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಂಗ್ಲಿಷ್, ಮಲಯಾಳ ಮಾಧ್ಯಮದವರೇ ಆಗಿರಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಕುಳಿತ ಮಾತ್ರಕ್ಕೆ ಗೆರೆ ದಾಟಲು ಆಗುವುದಿದ್ದರೆ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಏಳನೆಯವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟನೆಯಲ್ಲಿ ಥಟ್ಟನೆ ಇಂಗ್ಲಿಷಿಗೆ ಹಾಕಿದರೆ, ಅರ್ಥವಾಗದ ವಿಷಯಕ್ಕೆ ಅರ್ಥವಾಗದ ಭಾಷೆಯೂ ಸೇರುತ್ತದೆ. ಮೂರು ವರ್ಷದಲ್ಲಿ ಲಿಖಿತ ಪರೀಕ್ಷೆ.

ಮೊದಲಿನಿಂದಲೂ ಇಂಗ್ಲಿಷ್ ಮಾಧ್ಯಮ ಎಂದು ತೀರ್ಮಾನಿಸಿದವರ ಮಾತು ಬೇರೆ, ಅದು ಅವರವರ ಮನೆಯ ವಿಚಾರ. ನಡುವೆ ಬದಲಿಸುವವರು ಒಂದು ಲೆಕ್ಕ ಗಮನದಲ್ಲಿಟ್ಟುಕೊಳ್ಳಲಿ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶಕ್ಕೆ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಲ್ಲಿ ಏಳು ವರ್ಷದ ಓದು ಮತ್ತು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬೇಕು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳ ಮಕ್ಕಳಿಗೂ ಈ ಅವಕಾಶವಿದೆ. ಆ ಪರೀಕ್ಷೆಗೆ ಬೇಕಾದ ಓದು ಬರಹ ಕನ್ನಡ ಡಿವಿಷನ್‌ನಲ್ಲಿ ದಿನವೂ ಆಗುತ್ತದೆ. ಬೇರೆ ಕಡೆ ಹೋದವರು ಅದನ್ನು ಬೇರೆಯಾಗಿ ಕಲಿಯಬೇಕು. ಆಯಾ ವರ್ಷದ ಕೈಪಿಡಿಯಲ್ಲಿ ಷರತ್ತುಗಳನ್ನು ಓದಿ ದಾಖಲೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ.

ಇಲ್ಲೇ ಇನ್ನೊಂದು ಮಾತು. 2017ರ ಕಾಯ್ದೆ ಬಂದಾಗ ಗಡಿನಾಡಿನಲ್ಲಿ ಮಲಯಾಳ ಕಡ್ಡಾಯದ ವಿರುದ್ಧ ಹೋರಾಟ ನಡೆಯಿತು, ಅದಕ್ಕೆ ಕಾರಣವೂ ಇತ್ತು. ಆದರೂ ಇದೇ ರಾಜ್ಯದಲ್ಲಿ ಕೆಲಸ ಹುಡುಕುವ ಮಗುವಿಗೆ ಮಲಯಾಳ ಓದಲು ಬರೆಯಲು ಬಂದರೆ ನಷ್ಟವಿಲ್ಲ. ಒಂದು ಭಾಷೆಯಾಗಿ ಮಲಯಾಳ ಕಲಿಯುವುದು ಬೇರೆ, ಗಣಿತವನ್ನು ಅರ್ಥವಾಗದ ಭಾಷೆಯಲ್ಲಿ ಕೇಳುವುದು ಬೇರೆ. ಈ ಎರಡನ್ನೂ ಒಂದೇ ಎಂದು ಯಾರೂ ಹೇಳದಂತೆ ನೋಡಿಕೊಳ್ಳಬೇಕಾದವರು ನಾವೇ.

ಕ್ಲಾಸ್ ಪಿಟಿಎಯಲ್ಲಿ ಕೇಳಬೇಕಾದ ಐದು ಪ್ರಶ್ನೆ

ಕ್ಲಾಸ್ ಪಿಟಿಎ ಸಭೆಗೆ ಹೋದಾಗ ‘ಮಗು ಹೇಗೆ ಓದುತ್ತಾನೆ ಟೀಚರ್?’ ಎಂದು ಕೇಳಿ, ‘ಪರವಾಗಿಲ್ಲ, ಇನ್ನೂ ಸ್ವಲ್ಪ ಶ್ರಮ ಬೇಕು’ ಎಂಬ ಉತ್ತರ ಪಡೆದು ಬರುವುದು ನಮ್ಮ ರೂಢಿ. ಇನ್ನು ಹೀಗೆ ಕೇಳಿ ನೋಡಿ.

ಒಂದು: ಓಣಂ ಪರೀಕ್ಷೆಯಲ್ಲಿ, ಕ್ರಿಸ್‌ಮಸ್ ಪರೀಕ್ಷೆಯಲ್ಲಿ ನನ್ನ ಮಗುವಿಗೆ ಪ್ರತಿ ವಿಷಯದ ಲಿಖಿತದಲ್ಲಿ ಎಷ್ಟು? ಗ್ರೇಡ್ ಬೇಡ, ಅಂಕ ಹೇಳಿ. ಉತ್ತರ ಪತ್ರಿಕೆ ತೋರಿಸಿ. 80ಕ್ಕೆ 24, 40ಕ್ಕೆ 12 ಎಂಬ ಎರಡು ಅಂಕಿಗಳನ್ನು ನಿಮ್ಮ ಕೈ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಹೋಗಿ. ಗೆರೆಯ ಆಚೀಚೆ ಐದು ಅಂಕದೊಳಗೆ ಇರುವ ವಿಷಯಗಳೇ ನಿಮ್ಮ ಮುಂದಿನ ಮೂರು ತಿಂಗಳ ಕೆಲಸ.

ಎರಡು: ಈ ತರಗತಿಯಲ್ಲಿ ಯಾವ ವಿಷಯದಲ್ಲಿ ಎಷ್ಟು ಮಕ್ಕಳು ಗೆರೆಗಿಂತ ಕೆಳಗಿದ್ದಾರೆ? ಹೆಸರು ಬೇಡ, ಸಂಖ್ಯೆ ಸಾಕು. ಅವರಿಗೆ ಹೆಚ್ಚುವರಿ ತರಗತಿ ಯಾವಾಗ, ಯಾರು ತೆಗೆದುಕೊಳ್ಳುತ್ತಾರೆ? ಹಿಂದಿಯನ್ನು ಮರೆಯಬೇಡಿ. ರಾಜ್ಯದಲ್ಲಿ ಹೆಚ್ಚು ಮಕ್ಕಳು ಎಡವಿದ ವಿಷಯ ಅದು, ಮನೆಯಲ್ಲಿ ಯಾರೂ ಗಮನಿಸದ ವಿಷಯವೂ ಅದೇ.

ಮೂರು: ಕನ್ನಡ ಡಿವಿಷನ್‌ಗೆ ಗಣಿತ, ಭೌತಶಾಸ್ತ್ರ, ಸಮಾಜ ವಿಜ್ಞಾನ ಕಲಿಸುವವರು ಕನ್ನಡದಲ್ಲಿ ಪಾಠ ಮಾಡುತ್ತಾರೆಯೇ? ಹುದ್ದೆ ಖಾಲಿ ಇದೆಯೇ? ಖಾಲಿ ಇದ್ದರೆ ದಿನಗೂಲಿಯಲ್ಲಿ ಬಂದಿರುವವರು ಎಷ್ಟು ಸಮಯದವರೆಗೆ?

ನಾಲ್ಕು: ಕಳೆದ ಮೂರು ವರ್ಷದಲ್ಲಿ ಎಂಟನೆಗೆ ಸೇರಿದ ಮಕ್ಕಳು ಎಷ್ಟು, ಅವರಲ್ಲಿ ಕನ್ನಡ ಡಿವಿಷನ್‌ನಲ್ಲೇ ಹತ್ತನೆ ಬರೆದವರು ಎಷ್ಟು? ನಡುವೆ ಹೋದವರು ಎಲ್ಲಿಗೆ ಹೋದರು? ಶೇ. 100 ಎಂಬ ಫಲಿತಾಂಶಕ್ಕಿಂತ ಈ ಉತ್ತರ ನಿಮ್ಮ ಶಾಲೆಯ ಆರೋಗ್ಯವನ್ನು ಸರಿಯಾಗಿ ಹೇಳುತ್ತದೆ.

ಐದು: ಹೋದ ಎರಡು ವರ್ಷದಲ್ಲಿ ಇಲ್ಲಿ ಹತ್ತನೆ ಮುಗಿಸಿದವರು ಪ್ಲಸ್ ಟುವಿನಲ್ಲಿ ಏನಾದರು? ಶಾಲೆಗೆ ಇದು ಗೊತ್ತಿಲ್ಲದಿರಬಹುದು. ಹತ್ತು ಹದಿನೈದು ಮಕ್ಕಳ ಮನೆ ಒಂದೇ ಊರಿನಲ್ಲಿ, ವಿಚಾರಿಸುವುದು ಕಷ್ಟವಲ್ಲ.

ಶಾಲಾವಾರು ಫಲಿತಾಂಶವೂ, ತರಗತಿವಾರು ಮಕ್ಕಳ ಸಂಖ್ಯೆಯೂ ಸರಕಾರದ ಜಾಲತಾಣಗಳಲ್ಲಿ ಸಿಗುತ್ತವೆ. ಸಿಗದ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, ಉತ್ತರಕ್ಕೆ ಮೂವತ್ತು ದಿನ. ಆದರೆ ಮೊದಲು ಮುಖ್ಯೋಪಾಧ್ಯಾಯರ ಮುಂದೆ ಕುಳಿತು ಕೇಳಿ. ಕನ್ನಡ ಡಿವಿಷನ್ ಉಳಿಯಬೇಕೆಂದು ಒದ್ದಾಡುತ್ತಿರುವ ಅಧ್ಯಾಪಕರಿಗೆ, ಲೆಕ್ಕ ತಿಳಿದು ಕೇಳುವ ಹೆತ್ತವರು ಬಲ. ಮೇಲಧಿಕಾರಿಗಳಿಗೆ ಅವರೊಬ್ಬರೇ ಬರೆದ ಪತ್ರಕ್ಕಿಂತ ಪಿಟಿಎಯ ನಿರ್ಣಯದ ಜೊತೆ ಹೋದ ಪತ್ರಕ್ಕೆ ತೂಕ ಹೆಚ್ಚು.

ಇದು ಕೇರಳದ ನಿಯಮ, ಸೊಲ್ಲಾಪುರ, ತಾಳವಾಡಿ, ಆದೋನಿ ಕಡೆಯ ಓದುಗರಿಗೆ ಪರೀಕ್ಷಾ ಮಂಡಳಿ ಬೇರೆ, ಪಾಸಿನ ಗೆರೆ ಬೇರೆ. ಆದರೂ ಮೇಲಿನ ಐದು ಪ್ರಶ್ನೆಗಳಲ್ಲಿ ಅಂಕಿಗಳನ್ನು ಬದಲಿಸಿಕೊಂಡರೆ ನಿಮ್ಮ ಶಾಲೆಗೂ ಹೊಂದುತ್ತವೆ. ಎಲ್ಲ ಗಡಿಯಲ್ಲೂ ಕನ್ನಡ ತರಗತಿ ಸಣ್ಣದು, ಎಲ್ಲ ಕಡೆಯೂ ಒಂದು ಹುದ್ದೆ ಖಾಲಿ ಬಿದ್ದರೆ ಒಂದು ವಿಷಯವೇ ಖಾಲಿ.

ಒಂಬತ್ತನೆಯ ಮಗುವಿಗೆ ಇನ್ನು ಉಳಿದಿರುವುದು ಈ ವರ್ಷದ ಉಳಿದ ತಿಂಗಳುಗಳು ಮತ್ತು ಮುಂದಿನ ಒಂದು ವರ್ಷ. ಲಿಖಿತದಲ್ಲಿ ಹತ್ತು ಅಂಕ ಪಡೆಯುವ ಮಗುವನ್ನು ಇಪ್ಪತ್ತನಾಲ್ಕಕ್ಕೆ ತಲುಪಿಸಲು ಇಷ್ಟು ಸಮಯ ಸಾಕು, ಈಗಲೇ ಶುರು ಮಾಡಿದರೆ. ಮುಂದಿನ ಕ್ಲಾಸ್ ಪಿಟಿಎ ಯಾವ ದಿನ ಎಂದು ನಾಳೆಯೇ ಮಗುವಿನ ಬಳಿ ಕೇಳಿಸಿ.